ವಹಾಕಾದಲ್ಲಿ ಮೆಸ್ಕಾಲ್ ರುಚಿ ನೋಡಲು ಹೊರಡುವ ಮುನ್ನ: ನನ್ನ ಅನುಭವ

ಮೆಕ್ಸಿಕೋದ ವಹಾಕಾಕ್ಕೆ ಮೆಸ್ಕಾಲ್ (ಕತ್ತಾಳೆಯಿಂದ ಭಟ್ಟಿ ಇಳಿಸಿದ ಮದ್ಯ) ರುಚಿ ನೋಡಲೆಂದೇ ಹೋಗುವವರು ಸಾಮಾನ್ಯವಾಗಿ ಒಂದೇ ದಿನಕ್ಕೆ ನಾಲ್ಕು ಪಲೆಂಕೆ ತುರುಕಿಕೊಳ್ಳುತ್ತಾರೆ. ಪಲೆಂಕೆ ಎಂದರೆ ಅಲ್ಲಿನ ಹಳ್ಳಿಗಳಲ್ಲಿ ಮೆಸ್ಕಾಲ್ ಭಟ್ಟಿ ಇಳಿಸುವ ಜಾಗ. ಎರಡನೆಯದು ಮುಗಿಯುವ ಹೊತ್ತಿಗೆ ನಾಲಿಗೆ ಜಡ್ಡುಗಟ್ಟಿರುತ್ತದೆ. ಮೂರನೆಯದರಲ್ಲಿ ಯಾವ ಕತ್ತಾಳೆಯದು ಯಾವುದೆಂದು ಗೊತ್ತಾಗುವುದಿಲ್ಲ, ನಾಲ್ಕನೆಯದರಲ್ಲಿ ಗೊತ್ತಾಗಬೇಕೆಂಬ ಆಸೆಯೂ ಉಳಿದಿರುವುದಿಲ್ಲ. ನನ್ನ ಲೆಕ್ಕ ಬೇರೆ. ಮೊದಲ ಸಂಜೆ ನಗರದಲ್ಲೇ, ವಿಷಯ ಬಲ್ಲವರ ಎದುರು ಕೂತು ಐದಾರು ಬಗೆ. ಮರುದಿನ ಒಂದೇ ದಿಕ್ಕಿನಲ್ಲಿರುವ ಎರಡೇ ಪಲೆಂಕೆ. ಈ ಕ್ರಮ ತಿರುಗುಮುರುಗಾದರೆ ಹಳ್ಳಿಯಲ್ಲಿ ಏನು ಕೇಳಬೇಕೆಂದೇ ತಿಳಿಯದೆ ಫೋಟೊ ತೆಗೆದುಕೊಂಡು ಬರುತ್ತೀರಿ.

ಕಾಯ್ದಿರಿಸುವ ಮೊದಲು ಗೊತ್ತಿರಬೇಕಾದದ್ದು ಸ್ವಲ್ಪವೇ. ಮೆಸ್ಕಾಲ್ ಪೂರ್ತಿ ಕತ್ತಾಳೆಯದೇ ಆಗಿರಬೇಕು, ಆಲ್ಕೋಹಾಲ್ ಶೇ 35ರಿಂದ 55ರೊಳಗೆ ಇರಬೇಕು ಎನ್ನುವುದು ಕಾನೂನು. ಈ ಹೆಸರಿಗೆ 1994ರಲ್ಲಿ ಮೂಲಸ್ಥಾನದ ರಕ್ಷಣೆ, ಅಂದರೆ ಗೊತ್ತುಪಡಿಸಿದ ಪ್ರದೇಶದ್ದಕ್ಕೆ ಮಾತ್ರ ಈ ಹೆಸರು ಎಂಬ ಹಕ್ಕು, ಸಿಕ್ಕಿತು. ಈಗಿನ ಮಾನದಂಡ ಮೂರು ದರ್ಜೆ ಮಾಡುತ್ತದೆ: ಬರೀ ಮೆಸ್ಕಾಲ್, ಆರ್ತೆಸನಾಲ್, ಆನ್ಸೆಸ್ತ್ರಾಲ್. ಮೊದಲನೆಯದರಲ್ಲಿ ಕಾರ್ಖಾನೆಯ ಆಟೋಕ್ಲೇವ್ (ಹಬೆಯ ಒತ್ತಡದಲ್ಲಿ ಬೇಯಿಸುವ ದೊಡ್ಡ ಪಾತ್ರೆ), ಕಾಲಂ ಭಟ್ಟಿ (ಎತ್ತರದ ಕಂಬದಂಥ ಭಟ್ಟಿ) ಇವಕ್ಕೂ ಅವಕಾಶವಿದೆ. ಆರ್ತೆಸನಾಲ್‌ನಲ್ಲಿ ಸಾಮಾನ್ಯವಾಗಿ ನೆಲದ ಗುಂಡಿಯಲ್ಲಿ ಬೇಯಿಸಿ, ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸುತ್ತಾರೆ. ಆನ್ಸೆಸ್ತ್ರಾಲ್‌ಗೆ ಮಣ್ಣಿನ ಮಡಕೆಯೇ ಆಗಬೇಕು, ಹುಳಿ ಬರಿಸುವಾಗಲೂ ಭಟ್ಟಿ ಇಳಿಸುವಾಗಲೂ ಅರೆದ ಕತ್ತಾಳೆಯ ನಾರು ಜೊತೆಗೇ ಇರಬೇಕು. ತಾಮ್ರದ್ದು ಮತ್ತು ಮಣ್ಣಿನದು ಎರಡನ್ನೂ ರುಚಿ ನೋಡುವ ಒಂದೇ ಕೂಟದಲ್ಲಿ ಅಕ್ಕಪಕ್ಕ ಇಡುತ್ತೀರಾ ಎಂದು ಮೊದಲೇ ಕೇಳಿ. ಮಣ್ಣಿನದಕ್ಕೆ ಒದ್ದೆ ಮಣ್ಣಿನ, ಸುಣ್ಣದ ವಾಸನೆಯ ಒಂದು ಎಳೆ ಇರುತ್ತದೆ. ಅದು ಒಂಟಿಯಾಗಿ ಕುಡಿದರೆ ಸಿಗುವುದಿಲ್ಲ, ಹೋಲಿಸಿದಾಗ ಮಾತ್ರ ಸಿಗುತ್ತದೆ.

ಕತ್ತಾಳೆ ಜಾತಿಗಳ ಪಟ್ಟಿ ಉದ್ದವಿದೆ, ಮೊದಲ ಸಲಕ್ಕೆ ನಾಲ್ಕು ಸಾಕು. ಎಸ್ಪಾದಿನ್ ಹೊಲದಲ್ಲಿ ಬೆಳೆಸುವಂಥದ್ದು, ಆರರಿಂದ ಎಂಟು ವರ್ಷಕ್ಕೆ ಬಲಿಯುತ್ತದೆ, ಮಾರುಕಟ್ಟೆಯ ಹೆಚ್ಚಿನ ಮೆಸ್ಕಾಲ್ ಇದರದ್ದೇ. ಕುಯಿಶೆ ಕಾಂಡ ಬಿಟ್ಟು ಎತ್ತರಕ್ಕೆ ಬೆಳೆಯುವ ಜಾತಿ, ರುಚಿಯಲ್ಲಿ ಒಣ ಹುಲ್ಲಿನ ಒಗರು. ತೊಬಾಲಾ ಚಿಕ್ಕದು, ಬುಡದಲ್ಲಿ ಮರಿ ಹಾಕದೆ ಬೀಜದಿಂದಲೇ ಹುಟ್ಟುವುದು, ಹತ್ತು ವರ್ಷವಾದರೂ ಬೇಕು. ತೆಪೆಸ್ತಾತೆ ಬಂಡೆಗಳ ಇಳಿಜಾರಿನಲ್ಲಿ ಬೆಳೆಯುತ್ತದೆ, ಬಲಿಯಲು 15ರಿಂದ 25 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ಬೆಲೆ ಏರುವುದು ಈ ಕಾಯುವಿಕೆಗೆ. ಹೊಲದ ಬೇಲಿಯ ಕತ್ತಾಳೆಯನ್ನು ಹಗ್ಗಕ್ಕಷ್ಟೇ ಬಳಸಿದ ನಮಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ಹೂದಂಡು ಏಳಲು ಬಿಟ್ಟರೆ ದಿಂಡಿನ ಸಕ್ಕರೆಯೆಲ್ಲ ಅದಕ್ಕೇ ಹೋಗುತ್ತದೆ, ಹಾಗಾಗಿ ದಂಡು ಮೇಲೇಳುವಾಗಲೇ ಕತ್ತರಿಸುತ್ತಾರೆ.

ಈಗ ಪ್ರಮಾಣದ ಲೆಕ್ಕ. ಕೂತು ನೋಡುವ ಕೂಟದಲ್ಲಿ ಒಂದು ಬಗೆಗೆ 15 ಮಿ.ಲೀ. ಸರಿಯಾದ ಅಳತೆ. ಆರು ಬಗೆಗೆ 90 ಮಿ.ಲೀ. ಆಯಿತು. ಸರಾಸರಿ ಶೇ 48 ಎಂದುಕೊಂಡರೆ ಶುದ್ಧ ಆಲ್ಕೋಹಾಲ್ ಸುಮಾರು 43 ಮಿ.ಲೀ. ನಮ್ಮೂರ ಶೇ 42.8ರ ವಿಸ್ಕಿಯಲ್ಲಿ ಹೇಳುವುದಾದರೆ 30 ಮಿ.ಲೀ.ಯ ಮೂರು ಪೆಗ್‌ಗಿಂತ ತುಸು ಜಾಸ್ತಿ. ಒಂದು ಸಂಜೆಗೆ ಇಷ್ಟು ಧಾರಾಳ. ತೊಂದರೆ ಬರುವುದು ವೆಲಡೋರಾ ಎಂಬ ಮೋಂಬತ್ತಿ ಲೋಟದಲ್ಲಿ ಸುರಿದಾಗ: ಅರ್ಧ ತುಂಬಿದರೂ ಅದು 30 ಮಿ.ಲೀ. ದಾಟಿರಬಹುದು, ಆಗ ಲೆಕ್ಕವೆಲ್ಲ ಎರಡು ಪಟ್ಟು. ಹಳ್ಳಿಯಲ್ಲಿ ಹಿಕಾರಾ ಎಂಬ ಸೋರೆಬುರುಡೆಯಂಥ ಬಟ್ಟಲಿಗೆ ಕಣ್ಣಳತೆಯಲ್ಲೇ ಸುರಿಯುತ್ತಾರೆ. ‘ಪೊಕೀತೊ’, ಅಂದರೆ ‘ಸ್ವಲ್ಪವೇ’, ಎಂದು ಮೊದಲ ಸಲವೇ ಹೇಳಿಬಿಡಿ. ಮೂರನೆಯ ಸಲ ಹೇಳಿದರೆ ಯಾರೂ ನಂಬುವುದಿಲ್ಲ.

ನಗರದಲ್ಲಿ ಮೆಸ್ಕಲೋತೆಕಾ ಎಂಬ ರುಚಿ ನೋಡುವ ಕೂಟದ ಜಾಗದಂಥ ಕಡೆ ಮುಂಗಡ ಕಾಯ್ದಿರಿಸದೆ ಹೋಗಬೇಡಿ. ಇನ್ ಸಿತುವಿನಂಥ ಬಾರ್‌ಗಳಲ್ಲಿ ಕೌಂಟರಿಗೆ ಒರಗಿ ನಿಂತು ಕೇಳಿ ತಿಳಿಯಬಹುದು, ಆದರೆ ಜನ ತುಂಬಿದ ರಾತ್ರಿ ಯಾರಿಗೂ ವಿವರಿಸಲು ಪುರುಸೊತ್ತಿರುವುದಿಲ್ಲ. ಕಾಯ್ದಿರಿಸುವಾಗ ನಾನು ಕೇಳುವ ಪ್ರಶ್ನೆಗಳು ಇವು: ಒಂದೇ ಬ್ರ್ಯಾಂಡಿನವೋ, ಬೇರೆ ಬೇರೆ ಊರಿನ ತಯಾರಕರವೋ? ಗುಂಪಿನಲ್ಲಿ ಎಷ್ಟು ಜನ? ವಿವರಣೆ ಇಂಗ್ಲಿಷ್‌ನಲ್ಲಿ ಎಷ್ಟು ಗಂಟೆಗೆ? ಉಗುಳಲು ಪಾತ್ರೆ ಇಡುತ್ತೀರಾ? ಮೊದಲ ಪ್ರಶ್ನೆಯೇ ಮುಖ್ಯ. ಒಂದೇ ಬ್ರ್ಯಾಂಡಿನ ಕೂಟವೆಂದರೆ ಮಾರಾಟದ ಕೂಟ. ಅದು ತಪ್ಪೇನಲ್ಲ, ಆದರೆ ಅದಕ್ಕೆ ದುಡ್ಡು ಕೊಟ್ಟು ಕೂರಬೇಕಿಲ್ಲ. ಎಂಟಕ್ಕಿಂತ ಹೆಚ್ಚು ಜನರಿದ್ದರೆ ನಾನು ಬೇರೆ ಹೊತ್ತು ಕೇಳುತ್ತೇನೆ.

ಹೊತ್ತು ಎಂದರೆ, ಸಂಜೆ ನಾಲ್ಕು ಐದರ ನಡುವೆ ಒಳ್ಳೆಯದು. ಮಧ್ಯಾಹ್ನದ ಊಟ ಅರಗಿರುತ್ತದೆ, ರಾತ್ರಿಯೂಟ ಮುಂದಿರುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗಬಾರದು. ಹಾಗೆಂದು ಮೋಲೆ ಎಂಬ ಅಲ್ಲಿನ ಮೆಣಸಿನಕಾಯಿ ಮಸಾಲೆಯ ಸಾರು, ಹಸಿಮೆಣಸಿನ ಸಾಲ್ಸಾ ತಿಂದು ನೇರ ಬಂದರೂ ಉಪಯೋಗವಿಲ್ಲ, ಖಾರದಿಂದ ಉರಿಯುವ ನಾಲಿಗೆಗೆ ಮೆಸ್ಕಾಲ್ ಬರೀ ಉರಿಯಾಗಿಯೇ ಸಿಗುತ್ತದೆ. ಅನ್ನ ಬೀನ್ಸ್, ಟೋರ್ಟಿಯಾ, ಬೆಣ್ಣೆಹಣ್ಣು ಸಾಕು. ಅತ್ತರು, ಸೆಂಟು, ಪುದೀನ ಮಿಠಾಯಿ, ಅಡಕೆ ಯಾವುದೂ ಆ ದಿನ ಬೇಡ. ವಹಾಕಾ ನಗರ ಸುಮಾರು 1,550 ಮೀಟರ್ ಎತ್ತರದಲ್ಲಿದೆ, ಗಾಳಿ ಒಣ, ಬಾಯಾರಿಕೆ ಗೊತ್ತಾಗುವ ಮೊದಲೇ ಮೈ ಒಣಗಿರುತ್ತದೆ. ಹೋಗುವ ಮುಂಚೆ ಅರ್ಧ ಲೀಟರ್ ನೀರು ಕುಡಿಯಿರಿ. ಹೊಟ್ಟೆ ಕೆಟ್ಟು ಮೆಟ್ರೊನಿಡಝೋಲ್ ನುಂಗುತ್ತಿದ್ದರೆ ಕೂಟವನ್ನೇ ಮುಂದೂಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬರಬೇಡಿ.

ಸಸ್ಯಾಹಾರಿಗಳು ಓದಲೇಬೇಕಾದ ಮಾತು. ಮೆಸ್ಕಾಲ್ ಜೊತೆ ನಂಜಿಕೊಳ್ಳಲು ಕಿತ್ತಳೆ ಹೋಳು, ಅದರ ಮೇಲೆ ಕೆಂಪು ಉಪ್ಪು ಇಡುತ್ತಾರೆ. ಆ ಉಪ್ಪು ಸಾಲ್ ದೆ ಗುಸಾನೊ: ಕತ್ತಾಳೆಯೊಳಗೆ ಬೆಳೆಯುವ ಪತಂಗದ ಹುಳುವನ್ನು ಒಣಗಿಸಿ, ಹುರಿದು, ಮೆಣಸಿನಕಾಯಿ ಮತ್ತು ಉಪ್ಪಿನೊಂದಿಗೆ ಪುಡಿ ಮಾಡಿದ್ದು. ನೋಡಲು ಖಾರದ ಪುಡಿಯಂತೆಯೇ ಇರುತ್ತದೆ, ಯಾರೂ ಹೇಳುವುದಿಲ್ಲ. ಪಕ್ಕದ ತಟ್ಟೆಯಲ್ಲಿ ಕುರುಕಲು ಹುರಿದಿಟ್ಟದ್ದು ಚಪುಲಿನೆಸ್, ಅಂದರೆ ಮಿಡತೆ. ಇನ್ನು ಪೆಚೂಗಾ ಎಂಬ ಬಗೆ: ಕೊನೆಯ ಸಲ ಭಟ್ಟಿ ಇಳಿಸುವಾಗ ಹಂಡೆಯೊಳಗೆ ಹಣ್ಣು, ಮಸಾಲೆಯ ಜೊತೆ ಕೋಳಿ ಅಥವಾ ಟರ್ಕಿ ಕೋಳಿಯ ಎದೆ ಮಾಂಸ ತೂಗುಹಾಕಿರುತ್ತಾರೆ. ಲೋಟದಲ್ಲಿ ಮಾಂಸದ ಕುರುಹು ಕಾಣುವುದಿಲ್ಲ, ಹಾಗಾಗಿ ಹಲವರು ತಿಳಿಯದೆ ಕುಡಿದು ಆಮೇಲೆ ಪೇಚಾಡುತ್ತಾರೆ. ಮೊಲದ ಮಾಂಸ ಹಾಕಿದ್ದೂ ಉಂಟು. ಲೇಬಲ್ಲಿನ ಮೇಲೆ ‘ದೆಸ್ತಿಲಾದೊ ಕೊನ್’ (‘ಇದರ ಜೊತೆ ಭಟ್ಟಿ ಇಳಿಸಿದ್ದು’) ಎಂದಿದ್ದರೆ ಅದರ ಮುಂದೆ ಏನು ಬರೆದಿದೆ ನೋಡಿ. ಕಾಯ್ದಿರಿಸುವಾಗಲೇ ‘ಹುಳುವಿನ ಉಪ್ಪು ಬೇಡ, ಪೆಚೂಗಾ ಬೇಡ’ ಎಂದು ಬರೆದು ತಿಳಿಸಿದರೆ ಬರೀ ಕಿತ್ತಳೆ, ಹಿಕಾಮಾ ಗೆಡ್ಡೆಯ ಹೋಳು ಇಡುತ್ತಾರೆ.

ಮೇಜಿನ ಮುಂದೆ ಕೂತ ಮೇಲೆ ಆತುರ ಬೇಡ. ಮೊದಲ ಗುಟುಕು ರುಚಿಗಲ್ಲ, ಬಾಯಿಯನ್ನು ಹದಕ್ಕೆ ತರುವುದಕ್ಕೆ. ಎರಡು ಮೂರು ಹನಿಯಷ್ಟನ್ನೇ ತೆಗೆದುಕೊಂಡು, ಹತ್ತು ಸೆಕೆಂಡು ನಾಲಿಗೆಯ ಮೇಲೆ ಆಡಿಸಿ ನುಂಗಿ. ಗಂಟಲು ಸುಡುತ್ತದೆ, ಸುಡಲಿ. ಎರಡನೆಯ ಗುಟುಕಿನಲ್ಲಿ ಆ ಉರಿ ಅರ್ಧಕ್ಕಿಳಿದಿರುತ್ತದೆ, ರುಚಿ ಅಳೆಯಬೇಕಾದದ್ದು ಆಗ. ಮೂಸುವಾಗ ಮೂಗನ್ನು ಲೋಟದೊಳಗೆ ತೂರಿಸಬೇಡಿ. ಬಾಯಿ ತುಸು ತೆರೆದು, ಲೋಟದ ಅಂಚನ್ನು ಗಲ್ಲದ ಹತ್ತಿರ ಹಿಡಿದು ಮೆಲ್ಲಗೆ ಎಳೆದುಕೊಳ್ಳಿ. ಒಂದು ಹನಿ ಅಂಗೈಗೆ ಹಾಕಿ, ಎರಡೂ ಕೈ ತಿಕ್ಕಿ, ಆಲ್ಕೋಹಾಲ್ ಹಾರಿದ ಮೇಲೆ ಮೂಸಿ: ಬೆಂದ ಕತ್ತಾಳೆಯ ಸಿಹಿ ವಾಸನೆ ನಿಲ್ಲಬೇಕು. ಬರೀ ಸ್ಪಿರಿಟ್ಟಿನ ಘಾಟು ಉಳಿದರೆ, ಅಥವಾ ಏನೂ ಉಳಿಯದಿದ್ದರೆ, ಆ ಲೋಟಕ್ಕೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಹೊಗೆಯ ವಾಸನೆಯೇ ಮೆಸ್ಕಾಲಿನ ಗುಣ ಎಂದು ಅನೇಕರು ನಂಬಿದ್ದಾರೆ. ನನ್ನ ಮಟ್ಟಿಗೆ ಹೊಗೆ ಮುಂದೆ ನಿಂತು ಕತ್ತಾಳೆ ಹಿಂದೆ ಸರಿದಿದ್ದರೆ ಅದು ಕುಂದೇ. ಐಸ್ ಬೇಡ, ನಿಂಬೆ ಬೇಡ. ಬಗೆಯ ನಡುವೆ ನೀರು, ಐದು ನಿಮಿಷದ ಬಿಡುವು. ಕ್ರಮವಾಗಿ ಎಸ್ಪಾದಿನ್, ಕುಯಿಶೆ, ತೊಬಾಲಾ, ತೆಪೆಸ್ತಾತೆ, ಆಮೇಲೆ ಮಡಕೆಯದ್ದು. ಪೆಚೂಗಾ ಬೇಕಿರುವವರಿಗೆ ಅದು ಕೊನೆಗೆ, ಏಕೆಂದರೆ ಅದರ ಮಸಾಲೆ ಮುಂದಿನದನ್ನು ಮುಚ್ಚಿಬಿಡುತ್ತದೆ.

ಪಲೆಂಕೆಯ ದಿನಕ್ಕೆ ದಿಕ್ಕು ಒಂದೇ ಇರಲಿ. ಪೂರ್ವಕ್ಕೆ ಹೋದರೆ 190ನೇ ಹೆದ್ದಾರಿಯಲ್ಲಿ ತ್ಲಕೊಲೂಲಾ ದಾಟಿ ಸಾಂತಿಯಾಗೊ ಮತಾತ್ಲಾನ್, ಸುಮಾರು ಒಂದು ಗಂಟೆ. ಅಲ್ಲಿ ತಾಮ್ರದ ಭಟ್ಟಿಗಳೇ ಜಾಸ್ತಿ. ದಕ್ಷಿಣಕ್ಕೆ ಒಕೊತ್ಲಾನ್ ದಾರಿಯಲ್ಲಿ ಸಾಂತಾ ಕತಾರಿನಾ ಮಿನಾಸ್, ಅದು ಮಣ್ಣಿನ ಮಡಕೆಯ ಊರು. ಎರಡನ್ನೂ ಒಂದೇ ದಿನ ಮಾಡಿದರೆ ಅರ್ಧ ದಿನ ಕಾರಿನಲ್ಲೇ ಕಳೆಯುತ್ತದೆ. ಕಾರನ್ನು ಚಾಲಕನ ಸಮೇತ ದಿನಕ್ಕೆ ಗೊತ್ತು ಮಾಡಿ. ಚಾಲಕನಿಗೆ ಊಟ ಕೊಡಿಸಿ, ಲೋಟ ಕೊಡಿಸಬೇಡಿ. ಭಾನುವಾರ ತ್ಲಕೊಲೂಲಾ ಸಂತೆ, ನೋಡಲು ಚೆನ್ನ, ಆದರೆ ಅಂದು ಪಲೆಂಕೆಯಲ್ಲಿ ಕೆಲಸ ನಡೆಯುತ್ತಿರುವುದು ಕಡಿಮೆ. ಜುಲೈನ ಗೆಲಗೆತ್ಸಾ ಹಬ್ಬ, ನವೆಂಬರ್ ಮೊದಲ ವಾರದ ಪಿತೃಗಳ ಹಬ್ಬದ ಸಮಯಕ್ಕೆ ಹೋಗುವುದಾದರೆ ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಸೌದೆ ಒದ್ದೆ, ಗುಂಡಿಯಲ್ಲಿ ನೀರು. ಬೇಯಿಸುವ ಕೆಲಸ ನಿಧಾನವಾಗುತ್ತದೆ.

ಹೋಗುವ ಹಿಂದಿನ ದಿನ ವಾಟ್ಸಾಪ್‌ನಲ್ಲಿ ಒಂದೇ ಪ್ರಶ್ನೆ ಕೇಳಿ: ನಾಳೆ ಯಾವ ಹಂತ ನಡೆಯುತ್ತಿದೆ? ಗುಂಡಿಯಲ್ಲಿ ಬೇಯಲು ಮೂರರಿಂದ ಐದು ದಿನ, ಆಮೇಲೆ ಕುದುರೆ ಎಳೆಯುವ ಕಲ್ಲುಗಾಲಿಯಲ್ಲಿ ಅರೆಯುವುದು, ಮರದ ಬಾನಿಯಲ್ಲಿ ಹವೆಗೆ ತಕ್ಕಂತೆ ಕೆಲವು ದಿನದಿಂದ ಎರಡು ವಾರ ಹುಳಿ ಬರುವುದು, ಕೊನೆಗೆ ಎರಡು ಸಲ ಭಟ್ಟಿ. ಮಣ್ಣು ಮುಚ್ಚಿದ ಗುಂಡಿಯ ದಿನ ಹೋದರೆ ನೋಡಲು ದಿಬ್ಬ ಬಿಟ್ಟು ಬೇರೇನೂ ಇಲ್ಲ. ಭಟ್ಟಿಯ ದಿನ ಸಿಕ್ಕರೆ ಬಿಡಬೇಡಿ. ಮೊದಲು ಬರುವುದು ಪುಂತಾಸ್, ಘಾಟು. ನಡುವಿನದು ತಿರುಳು. ಕೊನೆಗೆ ಕೋಲಾಸ್, ತೆಳು ಮತ್ತು ಹುಳಿ. ಎಲ್ಲಿ ಕತ್ತರಿಸಬೇಕು, ಯಾವುದನ್ನು ಎಷ್ಟು ಬೆರೆಸಬೇಕು ಎಂಬುದನ್ನು ಮೆಸ್ಕಲೇರೊ, ಅಂದರೆ ಮೆಸ್ಕಾಲ್ ಇಳಿಸುವವನು, ನಿರ್ಧರಿಸುವುದು ಗುಳ್ಳೆ ನೋಡಿ. ವೆನೆನ್ಸಿಯಾ ಎಂಬ ಜೊಂಡಿನ ಕೊಳವೆಯಲ್ಲಿ ದ್ರವವನ್ನು ಬಾಯಿಂದ ಹೀರಿ ಎಳೆದು, ಮೇಲಿನಿಂದ ಹಿಕಾರಾಕ್ಕೆ ಧಾರೆ ಬಿಡುತ್ತಾನೆ. ಸಣ್ಣ, ಒಂದೇ ಗಾತ್ರದ ಗುಳ್ಳೆಗಳು ಅಂಚಿಗೆ ಸರಿದು ಸರದಂತೆ ಸುತ್ತ ನಿಂತರೆ ಆಲ್ಕೋಹಾಲ್ ಶೇ 45ರಿಂದ 55ರ ನಡುವೆ ಇದೆ ಎಂದರ್ಥ. ನೀರು ಹೆಚ್ಚಾಗಿದ್ದರೆ ದೊಡ್ಡ ಗುಳ್ಳೆ ಎದ್ದು ತಕ್ಷಣ ಒಡೆಯುತ್ತದೆ, ಆಲ್ಕೋಹಾಲ್ ತೀರಾ ಹೆಚ್ಚಾದರೂ ನಿಲ್ಲುವುದಿಲ್ಲ. ಗುಳ್ಳೆ ಬಲ ಹೇಳುತ್ತದೆ, ಗುಣ ಹೇಳುವುದಿಲ್ಲ. ಕಲಬೆರಕೆಯಿಂದಲೂ ಗುಳ್ಳೆ ನಿಲ್ಲಿಸಬಹುದು.

ಹಳ್ಳಿಗೆ ಚಿಲ್ಲರೆ ಪೆಸೊ ನಗದು ಒಯ್ಯಿರಿ, ಕಾರ್ಡು ನಡೆಯುತ್ತದೆಂದು ನಂಬಿ ಹೋಗಬೇಡಿ. ರುಚಿಗೆ ದುಡ್ಡು ಕೇಳದ ಕಡೆ ಒಂದು ಬಾಟಲಿಯಾದರೂ ಕೊಳ್ಳುವುದು ಮರ್ಯಾದೆ. ಕೊಳ್ಳುವಾಗ ಲೇಬಲ್ಲಿನಲ್ಲಿ ಕತ್ತಾಳೆ ಜಾತಿ, ಊರು, ತಯಾರಕರ ಹೆಸರು, ಲಾಟ್ ಸಂಖ್ಯೆ, ದರ್ಜೆ ಇವೆಯೇ ನೋಡಿ. ‘ದೆಸ್ತಿಲಾದೊ ದೆ ಅಗಾವೆ’ (‘ಕತ್ತಾಳೆಯ ಭಟ್ಟಿ ಮದ್ಯ’) ಎಂದಷ್ಟೇ ಇದ್ದರೆ ಅದು ಮೆಸ್ಕಾಲ್ ಎಂಬ ಪ್ರಮಾಣಪತ್ರ ಪಡೆದಿಲ್ಲ ಎಂದರ್ಥ, ಕೆಟ್ಟದ್ದು ಎಂದಲ್ಲ. ಸಣ್ಣವರು ಎಷ್ಟೋ ಜನ ಖರ್ಚಿಗೆ ಹೆದರಿ ಪ್ರಮಾಣಪತ್ರದ ಗೋಜಿಗೆ ಹೋಗುವುದಿಲ್ಲ. ಪ್ಲಾಸ್ಟಿಕ್ ಬಾಟಲಿಗೆ ತುಂಬಿಸಿಕೊಂಡದ್ದನ್ನು ಮಾತ್ರ ಅಲ್ಲೇ ಮುಗಿಸಿ. ವಿಮಾನದಲ್ಲಿ ಶೇ 24ರಿಂದ 70ರವರೆಗಿನ ಮದ್ಯ ಅಂಗಡಿಯ ಸೀಲ್ ಸಮೇತ, ತಲೆಗೆ ಐದು ಲೀಟರ್‌ವರೆಗೆ ಚೆಕ್‌ಇನ್ ಸಾಮಾನಿನಲ್ಲಿ ಹೋಗುತ್ತದೆ, ಭಾರತದ ಕಸ್ಟಮ್ಸ್‌ನಲ್ಲಿ ಸುಂಕವಿಲ್ಲದೆ ಬರುವುದು ಎರಡು ಲೀಟರ್.

ಭಾರತೀಯ ಪಾಸ್‌ಪೋರ್ಟಿಗೆ ಮೆಕ್ಸಿಕೋ ವೀಸಾ ಬೇಕು. ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಶೆಂಗೆನ್ ವೀಸಾ ಚಾಲ್ತಿಯಲ್ಲಿದ್ದರೆ ಅದರ ಮೇಲೆ ಬಿಡುವ ಪದ್ಧತಿಯಿದೆ, ಟಿಕೆಟ್ ತೆಗೆಯುವ ಮುಂಚೆ ದೂತಾವಾಸದ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಿ. ಬೆಂಗಳೂರಿನಿಂದ ಅಮೆರಿಕದ ಮೂಲಕ ಹೋಗುವವರಿಗೆ ವಿಮಾನ ಬದಲಿಸುವುದಕ್ಕೂ ಅಮೆರಿಕದ ವೀಸಾ ಬೇಕು.

ಮನೆಗೆ ತಂದ ಬಾಟಲಿಯನ್ನು ನಿಲ್ಲಿಸಿಯೇ ಇಡಿ. ಮಲಗಿಸಿದರೆ ಇಷ್ಟು ಬಲದ ಮದ್ಯ ಬಿರಡೆಯನ್ನು ತಿನ್ನುತ್ತದೆ. ಅರ್ಧಕ್ಕಿಂತ ಕಡಿಮೆಯಾದ ಮೇಲೆ ಚಿಕ್ಕ ಗಾಜಿನ ಸೀಸೆಗೆ ಬಗ್ಗಿಸಿ, ಲಾಟ್ ಸಂಖ್ಯೆಯ ಚೀಟಿಯನ್ನು ಅದಕ್ಕೆ ಅಂಟಿಸಿ.