ಚಾರಣದಲ್ಲಿ ಅಡುಗೆ: ಒಂದು ರಾತ್ರಿ ಒಂದು ಜೋಡಿಗೆ

ಚಾರಣದಲ್ಲಿ ಒಂದೊಂದು ರಾತ್ರಿಯ ಅಡುಗೆ ಒಂದೊಂದು ಜೋಡಿಗೆ ಅಂದಾಗ "ಇದು ನಡೆಯಲ್ಲ, ಸುಮ್ನೆ ಜಗಳ ಆಗುತ್ತೆ" ಅಂತ ನಮ್ಮ ಗುಂಪಿನಲ್ಲೇ ಅರ್ಧ ಜನ ಹೇಳಿದ್ದರು. ಹಿಮಾಚಲದ ಹಂಪ್ಟಾ ಪಾಸ್ (ಬೆಟ್ಟಗಳ ನಡುವಿನ ಎತ್ತರದ ದಾರಿ) ದಾಟಿ ಕೊನೆಯ ಬಿಡಾರ ಛತ್ರು ತಲುಪುವವರೆಗೂ ಜಗಳ ಆಗಲಿಲ್ಲ, ಒಂದು ಹೊತ್ತಿನ ಊಟವೂ ತಪ್ಪಲಿಲ್ಲ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಮೊದಲೆಲ್ಲ ಚಂದಾ ಎತ್ತಿ ಒಬ್ಬನ ಕೈಗೆ ಕೊಡುತ್ತಿದ್ದೆವು. ಪಾಪ, ದಿನಸಿ ತಂದವನೂ ಅವನೇ, ಹೊತ್ತವನೂ ಅವನೇ, ಬೇಯಿಸಿದವನೂ ಅವನೇ. ಉಳಿದವರು ಉಪ್ಪು ಕಮ್ಮಿ ಅಂದರು. ಲೆಕ್ಕ ನೋಡಿದರೆ ಐನೂರೋ ಆರುನೂರೋ ಅವನ ಕೈಯಿಂದಲೇ ಹೋಗಿತ್ತು. ಆಮೇಲೆ ಅವರವರ ಊಟ ಅವರವರದು ಅಂದೆವು. ಸ್ಟವ್ ಒಂದೇ, ಕೊನೆಯವನ ನೂಡಲ್ಸ್ ಬೇಯುವಾಗ ಮೊದಲನೆಯವನು ಗೊರಕೆ ಹೊಡೆಯುತ್ತಿದ್ದ. ಪಾಳಿ ಹಾಕಿದರೆ, ಪಾತ್ರೆ ತೊಳೆಯುವ ಪಾಳಿ ಬಂದವನಿಗೆ ಸರಿಯಾಗಿ ಆ ಹೊತ್ತಿಗೇ ಮಂಡಿನೋವು!

ಈ ಸಲ ಎಂಟು ಜನ, ನಾಲ್ಕು ಜೋಡಿ. ದಾರಿಯಲ್ಲಿ ರಾತ್ರಿ ತಂಗುವ ಬಿಡಾರಗಳೂ ನಾಲ್ಕು, ಚಿಕಾ, ಬಾಲು ಕಾ ಘೇರಾ, ಶಿಯಾ ಗೋರು, ಛತ್ರು: ಒಂದು ರಾತ್ರಿ ಒಂದು ಜೋಡಿಗೆ. ಆ ರಾತ್ರಿಯ ಊಟ, ಮರುದಿನದ ತಿಂಡಿ ಪೂರ್ತಿ ಅವರದು. ಕೊಳ್ಳುವುದು, ಹೊರುವುದು, ಬೇಯಿಸುವುದು, ತೊಳೆಯುವುದು, ದುಡ್ಡು ಎಲ್ಲ. ಉಳಿದವರು ನೀರು ತಂದುಕೊಟ್ಟರೆ ಸಾಕು. ಜೋಡಿಗೆ ಎರಡು ಕೆಜಿ ಮಿತಿ, ಇಲ್ಲದಿದ್ದರೆ ಪೈಪೋಟಿಗೆ ಬಿದ್ದು ಮದುವೆಮನೆ ಅಡುಗೆ ಶುರುವಾಗುತ್ತೆ. ಮೊದಲ ಜೋಡಿಯ ಚೀಲ ಖಾಲಿಯಾದ ಕೂಡಲೇ ಕುಕ್ಕರ್, ಗ್ಯಾಸ್ ಅವರ ಬೆನ್ನಿಗೆ. ಕೊನೆಯ ದಿನದವರು "ನಾವೇ ಯಾಕೆ ಕೊನೇತನಕ ಹೊರಬೇಕು" ಅನ್ನದೇ ಇದ್ದದ್ದು ಇದರಿಂದಲೇ.

ಖರ್ಚು ಜೋಡಿಗೆ ಆರೇಳುನೂರು. ಗ್ಯಾಸ್ ಮಾತ್ರ ಎಲ್ಲರದ್ದು. ಕ್ಯಾನಿಸ್ಟರ್ (ಗ್ಯಾಸ್ ತುಂಬಿದ ಸಣ್ಣ ಡಬ್ಬಿ) ವಿಮಾನದಲ್ಲಿ ಬಿಡಲ್ಲ, ಮನಾಲಿಯಲ್ಲೇ ಕೊಂಡೆವು. 230 ಗ್ರಾಮಿನವು ಐದೋ ಆರೋ ಖಾಲಿಯಾದವು.

ನಿಜವಾದ ಪರೀಕ್ಷೆ ಬಾಲು ಕಾ ಘೇರಾದಲ್ಲಿ. 3,600 ಮೀಟರ್ ಆಸುಪಾಸು, ನೀರು 88 ಡಿಗ್ರಿಗೇ ಕುದಿಯುತ್ತೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಎಷ್ಟು ಹೊತ್ತು ಇಟ್ಟರೂ ಕಲ್ಲೇ. ಆ ಜೋಡಿ ಮನೆಯಲ್ಲೇ ಅಕ್ಕಿ, ಹೆಸರುಬೇಳೆ ಹುರಿದು ತಂದಿತ್ತು, ಖಾರ ಪೊಂಗಲ್‌ಗೆ. ಐದು ಲೀಟರ್ ಕುಕ್ಕರ್, ಎರಡು ಸಲ ಇಡಬೇಕಾಯಿತು. ಗಾಳಿಗೆ ಮೊದಲ ಕೂಗೇ ಬರಲೊಲ್ಲದು. ಗಾಳಿ ಬೀಸುವ ಕಡೆಗೆ ಮಾತ್ರ ಕಲ್ಲು ಪೇರಿಸಿದ ಮೇಲೆ ಕೂಗಿತು. ಸುತ್ತ ಪೂರ್ತಿ ಮುಚ್ಚಬೇಡಿ, ಕ್ಯಾನಿಸ್ಟರ್ ಕಾದು ಅಪಾಯ.

ನಡುವೆ ನನ್ನದೂ ಕೆಲವು ಪ್ರಯೋಗ. ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಚೀಲಕ್ಕೆ ನೇತುಹಾಕಿದ್ದೆ. ನಮ್ಮ ಘಟ್ಟದ ಸೆಕೆಯಲ್ಲಿ ಮರುದಿನವೇ ಮೊಳಕೆ ಬರುತ್ತೆ, ಅಲ್ಲಿಯ ಚಳಿಗೆ ಕಾಳು ಮಿಸುಕಲಿಲ್ಲ. ಟೊಮೆಟೊ ಮಾತ್ರ ಗೆದ್ದಿತು. ಎರಡು ಕೆಜಿ ಬೇಯಿಸಿ, ತಟ್ಟೆಗೆ ಬಳಿದು, ತಾರಸಿಯಲ್ಲಿ ಒಣಗಿಸಿದರೆ ನೂರೈವತ್ತು ಗ್ರಾಂ ಹಾಳೆ. ಹರಿದು ಬಿಸಿನೀರಿಗೆ ಹಾಕಿ, ಸಾರಿನ ಪುಡಿ ಉದುರಿಸಿದರೆ ಸಾರು ತಯಾರ್. ಅಂಟದ ಹಾಗೆ ಏಳಲು ತಟ್ಟೆಗೆ ಏನು ಸವರಬೇಕು ಅನ್ನುವುದನ್ನು ಇಲ್ಲಿ ಹೇಳಲ್ಲ, ಜೊತೆಗೆ ಬಂದವರಿಗಷ್ಟೇ!

ಶಿಯಾ ಗೋರು ರಾತ್ರಿಗೆ ಮಾತ್ರ ಯೋಚಿಸಿ ಜೋಡಿ ಹಾಕಿ. ಪಾಸ್ ದಾಟಿ ಇಳಿದ ದಿನ ಯಾರಿಗೂ ಸೌಟು ಹಿಡಿಯುವ ತ್ರಾಣ ಇರಲ್ಲ. ನಾವು ಚೀಟಿ ಎತ್ತಿದ್ದೆವು, ಅದು ಬಿದ್ದದ್ದು ಒಲೆ ಹಚ್ಚಿಯೇ ಗೊತ್ತಿಲ್ಲದ ಇಬ್ಬರಿಗೆ. ಅವರು ಗೊಜ್ಜವಲಕ್ಕಿ ಪುಡಿ, ಮನೆಯಲ್ಲೇ ಕರಿದ ಮಜ್ಜಿಗೆ ಮೆಣಸು ತಂದಿದ್ದರು. ನೀರು ಕಾಯಿಸಿ ಸುರಿದರು, ಮುಚ್ಚಿಟ್ಟರು, ಅರ್ಧ ಗಂಟೆಯೊಳಗೆ ಬಡಿಸಿದರು. ತೊಳೆಯಲು ಇದ್ದದ್ದು ಒಂದೇ ಪಾತ್ರೆ.