ಇಂಗ್ಲಿಷ್ ಕಾಗದಪತ್ರದಲ್ಲಿ ‘ಕರೆಯೋ ಹೆಸರು’ ಬರೆಸುವುದು ಹೇಗೆ?

ನಮ್ಮ ಹಾಸನದ ಕಡೆ ಹಿರಿಯರಲ್ಲಿ ಬಹಳ ಜನಕ್ಕೆ ಎರಡು ಹೆಸರು. ಆಧಾರ್‌ನಲ್ಲಿ ರಂಗೇಗೌಡ, ಊರಿಗೆಲ್ಲ ಪುಟ್ಟಣ್ಣ. ಊರವರು ಕರೆಯೋ ಹೆಸರೇ ಎಷ್ಟೋ ಸಲ ಪಹಣಿಯಲ್ಲಿ, ಮರಣ ಪ್ರಮಾಣಪತ್ರದಲ್ಲಿ ಕೂತುಬಿಟ್ಟಿರುತ್ತದೆ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಓಡಾಡುವಾಗಲೋ, ಹೊರದೇಶದಲ್ಲಿರುವ ಮಕ್ಕಳಿಗೆ ಕಾಗದ ಕಳಿಸುವಾಗಲೋ ‘ಇವರೂ ಅವರೂ ಒಬ್ಬರೇ’ ಎಂದು ಅಫಿಡವಿಟ್, ಅಂದರೆ ಪ್ರಮಾಣ ಮಾಡಿ ಬರೆದುಕೊಡುವ ಪತ್ರ, ಮಾಡಿಸಿ ತೋರಿಸಬೇಕಾಗುತ್ತದೆ. ಬ್ಯಾಂಕಿಗೆ, ವೀಸಾಕ್ಕೆ ಇದನ್ನು ಇಂಗ್ಲಿಷ್‌ನಲ್ಲೇ ಕೇಳುವುದು ಜಾಸ್ತಿ. ಅಲ್ಲಿ ಒಂದು ಸಾಲು ಹಿಂದುಮುಂದಾದರೆ ಮತ್ತೆ ಸ್ಟಾಂಪ್ ಪೇಪರ್, ಮತ್ತೆ ನೋಟರಿ, ಮತ್ತೆ ಒಂದು ದಿನದ ಕೂಲಿ ಹಾಳು. ಆಲೂರು, ಬೇಲೂರು, ಅರಕಲಗೂಡಿನಿಂದ ಬಸ್ಸು ಹತ್ತಿ ಬರುವವರು ಹೀಗೆ ಬರಿಗೈಲಿ ವಾಪಸ್ ಹೋಗುವುದನ್ನು ನೋಡಿ ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇರುವ ದಾಖಲೆಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಳ್ಳಿ. ಯಾವುದರಲ್ಲಿ ಯಾವ ಹೆಸರಿದೆ ಎಂದು ಅಕ್ಷರ ಅಕ್ಷರವಾಗಿ ಬರೆದುಕೊಳ್ಳಿ. ಗೌಡ ಎಂಬುದಕ್ಕೆ ಒಂದು ಕಡೆ ಡಬ್ಲ್ಯೂ, ಇನ್ನೊಂದು ಕಡೆ ಯು ಇರಬಹುದು. ಪುಟ್ಟಸ್ವಾಮಿ ಒಂದು ಕಡೆ ಒಂದೇ ಪದ, ಇನ್ನೊಂದು ಕಡೆ ಎರಡು ಪದ. ‘ಸರಿಯಾದ ಸ್ಪೆಲ್ಲಿಂಗ್’ ಮಾಡಲು ಹೋಗಬೇಡಿ. ದಾಖಲೆಯಲ್ಲಿ ಹೇಗಿದೆಯೋ ಹಾಗೇ ಇರಲಿ.

ಆಮೇಲೆ ಮುಖ್ಯ ಹೆಸರು ಯಾವುದು ಎಂದು ತೀರ್ಮಾನಿಸಿ. ಪಾಸ್‌ಪೋರ್ಟ್ ಇದ್ದರೆ ಅದರಲ್ಲಿರುವುದು, ಇಲ್ಲದಿದ್ದರೆ ಆಧಾರ್‌ನದು. ಮನೆಯಲ್ಲಿ ಚಿನ್ನಿ ಅಂತಲೂ ಕರೀತಾರೆ, ಅದನ್ನೂ ಸೇರಿಸಿ ಅನ್ನುವವರಿದ್ದಾರೆ. ಯಾವ ದಾಖಲೆಯಲ್ಲೂ ಇಲ್ಲದ ಹೆಸರನ್ನು ಸುಮ್ನೆ ಎಳೆದು ತರಬೇಡಿ. ಇಲ್ಲದ ಪ್ರಶ್ನೆ ಹುಟ್ಟುತ್ತದೆ.

ಎರಡು ಹೆಸರನ್ನು ಜೋಡಿಸಲು ಏನು ಹಾಕಬೇಕು? ಕನ್ನಡ ಪತ್ರಗಳಲ್ಲಿ ‘ಯಾನೆ’, ‘ಉರುಫ್’ ನಡೆಯುತ್ತದೆ. ಪೊಲೀಸ್ ಮತ್ತು ಕೋರ್ಟ್ ಕಾಗದಗಳಲ್ಲಿ ಇಮೇಲ್‌ನ ‘ಅಟ್’ ಗುರುತನ್ನೇ ಹಾಕುತ್ತಾರೆ. ಹೊರದೇಶದಲ್ಲಿ ಓದುವವರಿಗೆ ಆ ಗುರುತು ಅರ್ಥವೇ ಆಗುವುದಿಲ್ಲ. ಓರೆಗೆರೆಯೂ ಬೇಡ, ಅದು ‘ಇದು ಅಥವಾ ಅದು’ ಅನ್ನಿಸುತ್ತದೆ. ಆವರಣ ಚಿಹ್ನೆಯೂ (ಬ್ರಾಕೆಟ್) ಬೇಡ. ಇಂಗ್ಲಿಷ್ ಕರಾರುಗಳಲ್ಲಿ ಹೆಸರಿನ ಮುಂದೆ ಆವರಣ ಬಂದರೆ, ಮುಂದೆ ಬಳಸುವ ಚಿಕ್ಕ ಹೆಸರು ಅದು ಎಂದು ಓದಿಕೊಳ್ಳುತ್ತಾರೆ. ‘ಅಲಿಯಾಸ್’ ಕಾನೂನಿನ ಮಟ್ಟಿಗೆ ಸರಿಯೇ. ಆದರೆ ನಾನು ಹೇಳುವುದು ‘ಆಲ್ಸೋ ನೋನ್ ಆ್ಯಸ್’ ಎಂದು ಪೂರ್ತಿಯಾಗಿ ಬರೆಸಿ ಅಂತ. ಅದು ಯಾವ ದೇಶದಲ್ಲಾದರೂ ನಡೆಯುತ್ತದೆ.

ಈಗ ಎಲ್ಲರೂ ಎಡವುವ ಜಾಗ. ‘ರಂಗೇಗೌಡ, ಸನ್ ಆಫ್ ಸಣ್ಣಪ್ಪ, ಅಲಿಯಾಸ್ ಪುಟ್ಟಣ್ಣ’ ಎಂದು ಟೈಪ್ ಮಾಡಿಸಿಕೊಂಡು ಬರುತ್ತಾರೆ. ಓದಿ ನೋಡಿ, ಪುಟ್ಟಣ್ಣ ಯಾರು? ಮಗನೋ ಅಪ್ಪನೋ? ಓದುವ ಅಧಿಕಾರಿ ಅಪ್ಪನೇ ಎಂದುಕೊಂಡರೆ ಇಡೀ ಅಫಿಡವಿಟ್ ದಂಡ. ಇನ್ನೊಂದು ಹೆಸರು ಮೊದಲ ಹೆಸರಿಗೆ ಅಂಟಿಕೊಂಡೇ ಬರಬೇಕು. ಅಪ್ಪನ ಹೆಸರು ಅದಾದ ಮೇಲೆ: ‘ರಂಗೇಗೌಡ, ಆಲ್ಸೋ ನೋನ್ ಆ್ಯಸ್ ಪುಟ್ಟಣ್ಣ, ಸನ್ ಆಫ್ ಸಣ್ಣಪ್ಪ’. ಅಪ್ಪನಿಗೂ ಎರಡು ಹೆಸರಿದ್ದರೆ ಒಂದೇ ಸಾಲಿಗೆ ತುರುಕಬೇಡಿ, ಅವರದಕ್ಕೆ ಬೇರೆ ವಾಕ್ಯ ಬರೆಸಿ. ‘ಲೇಟ್’ ಪದವೂ ಅಷ್ಟೇ, ತೀರಿಕೊಂಡವರ ಹೆಸರಿಗೆ ಅಂಟಿಕೊಂಡು, ಅದಕ್ಕಿಂತ ಮೊದಲು ಬರಬೇಕು. ಅದು ಸಾಲಿನ ಶುರುವಿಗೆ ಜಾರಿದರೆ ಬದುಕಿರುವವರು ತೀರಿಕೊಂಡಂತೆ ಆಗುತ್ತದೆ. ಎರಡು ಹೆಸರಿದ್ದವರು ತೀರಿಹೋಗಿದ್ದರೆ ವಾರಸುದಾರರು ಪ್ರಮಾಣ ಮಾಡಬೇಕು, ಆಗ ‘ಈಸ್’ ಬದಲು ‘ವಾಸ್ ಆಲ್ಸೋ ನೋನ್ ಆ್ಯಸ್’ ಆಗುತ್ತದೆ.

ಎರಡು ಹೆಸರನ್ನು ಒಟ್ಟಿಗೆ ಹೇಳುವುದು ಮೊದಲ ಸಲ ಮಾತ್ರ. ಅಲ್ಲಿಂದ ಕೊನೆವರೆಗೆ ಮುಖ್ಯ ಹೆಸರೇ. ಅದರ ಕೆಳಗೆ ದಾಖಲೆ, ಅದರ ನಂಬರು, ಅದರಲ್ಲಿರುವ ಹೆಸರು ಎಂದು ಒಂದೊಂದೇ ಸಾಲು ಕೊಡಿ. ಪಹಣಿಯಾದರೆ ಸರ್ವೆ ನಂಬರು, ಗ್ರಾಮ, ಹೋಬಳಿ ಬರಲಿ. ಕಡೆಗೆ ಈ ಹೆಸರುಗಳೆಲ್ಲ ‘ಒನ್ ಅಂಡ್ ದ ಸೇಮ್ ಪರ್ಸನ್’ ಎಂಬ ವಾಕ್ಯ. ಇದಿಲ್ಲದ ಅಫಿಡವಿಟ್ ಯಾವ ಕೆಲಸಕ್ಕೂ ಬರುವುದಿಲ್ಲ.

ಮೊಬೈಲಿನಲ್ಲಿ ಸಿಗುವ ರೆಡಿಮೇಡ್ ನಮೂನೆ, ಮೊಬೈಲಿನದೇ ಅನುವಾದ, ಎರಡನ್ನೂ ಮುಟ್ಟಬೇಡಿ. ನಮೂನೆಯಲ್ಲಿ ಯಾರದೋ ಹೆಸರು ಅಳಿಸದೆ ಉಳಿದಿರುತ್ತದೆ. ಅನುವಾದದಲ್ಲಿ ‘ಪುಟ್ಟ’ ಹೆಸರು ಹೋಗಿ ‘ಲಿಟಲ್’ ಆಗಬಹುದು. ‘ಬಿನ್’, ‘ಕೋಂ’ ಹಾಗೇ ಇಂಗ್ಲಿಷ್ ಅಕ್ಷರಕ್ಕೆ ಇಳಿದು ಹೆಸರಿನ ಭಾಗವೇ ಆಗಿಬಿಡುತ್ತದೆ. ಅಲ್ಲಿ ಸನ್ ಆಫ್, ವೈಫ್ ಆಫ್ ಎಂದೇ ಇರಬೇಕು.

ಫಾರಂಗಳದ್ದು ಸುಲಭ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಬೇರೆ ಹೆಸರಿನಿಂದ ಗುರುತಿಸಿಕೊಂಡಿದ್ದೀರಾ ಎಂಬ ಪ್ರಶ್ನೆಯೇ ಇದೆ, ಅಮೆರಿಕದ ವೀಸಾ ಫಾರಂನಲ್ಲೂ ಇದೆ. ಕರೆಯೋ ಹೆಸರು ಅಲ್ಲಿಗೆ ಹೋಗಬೇಕು, ಮುಖ್ಯ ಹೆಸರಿನ ಜಾಗಕ್ಕಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಿರಿ. ನಮ್ಮ ಜಿಲ್ಲೆಯವರೇ ಆದ ಎಚ್.ಡಿ. ದೇವೇಗೌಡರ ಎಚ್ ಎಂದರೆ ಹರದನಹಳ್ಳಿ, ಡಿ ಎಂದರೆ ದೊಡ್ಡೇಗೌಡ. ನಿಮ್ಮ ಇನಿಷಿಯಲ್‌ನಲ್ಲೂ ಯಾವುದು ಊರು, ಯಾವುದು ಅಪ್ಪ ಎಂದು ಮನೆಯಲ್ಲಿ ಕೇಳಿಕೊಂಡು ಹೋಗಿ.

ಸನ್ಮಾನ ಪತ್ರ, ಆಹ್ವಾನ ಪತ್ರಿಕೆಗೆ ಇಷ್ಟೆಲ್ಲ ಬೇಕಿಲ್ಲ. ಮುಖ್ಯ ಹೆಸರಿನ ಎರಡು ಪದಗಳ ನಡುವೆ ಉದ್ಧರಣ ಚಿಹ್ನೆಯಲ್ಲಿ ಕರೆಯೋ ಹೆಸರು ಹಾಕಿದರೆ ಸಾಕು. ಇಲ್ಲಿ ಮಾತ್ರ ‘ಅಲಿಯಾಸ್’ ಖಂಡಿತ ಬೇಡ, ಠಾಣೆಯ ವಾಸನೆ ಬರುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರನ್ನು ‘ಅಲಿಯಾಸ್ ಕುವೆಂಪು’ ಎಂದು ಯಾರಾದರೂ ಬರೆದರೆ ಸಹಿಸುತ್ತೀರಾ? ಅದು ಕಾವ್ಯನಾಮ, ಇಂಗ್ಲಿಷ್‌ನಲ್ಲಿ ‘ಪೆನ್ ನೇಮ್’.

ಅಫಿಡವಿಟ್ ಮಾಡಿಸಿದ ಮಾತ್ರಕ್ಕೆ ಹೆಸರು ಬದಲಾಗುವುದಿಲ್ಲ. ಹೆಸರನ್ನೇ ಬದಲಿಸಬೇಕಾದರೆ ರಾಜ್ಯಪತ್ರದಲ್ಲಿ ಪ್ರಕಟಿಸುವ ದಾರಿ ಬೇರೆಯೇ ಇದೆ, ವಕೀಲರನ್ನು ಕೇಳಿ.

ಸಹಿಗೆ ಮುಂಚೆ ಮೂಲ ದಾಖಲೆ ಪಕ್ಕದಲ್ಲಿಟ್ಟುಕೊಂಡು ಪ್ರತಿ ಹೆಸರಿಗೂ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಓದಿ. ಹಿರಿಯರಿಗೆ ಇಂಗ್ಲಿಷ್ ಬಾರದಿದ್ದರೆ ಅಲ್ಲಿರುವುದನ್ನು ಕನ್ನಡದಲ್ಲಿ ಪೂರ್ತಿ ಓದಿ ಹೇಳಿ, ಆಮೇಲೆ ನೋಟರಿ ಎದುರು ಸಹಿ ಮಾಡಿಸಿ. ಒಟ್ಟಿಗೇ ಎರಡು ಅಸಲು ಪ್ರತಿ ಮಾಡಿಸಿ. ಒಂದು ಕಚೇರಿಯ ಫೈಲಿಗೆ ಹೋದರೆ ಅದು ನಿಮ್ಮ ಕೈಗೆ ಬರುವುದಿಲ್ಲ.