ಹಡಗು ಬಿಟ್ಟವನ ವೀಸಾ ಇಂಟರ್‌ವ್ಯೂ: ನನ್ನ ಅನುಭವ

ನಾನು ಕುಂದಾಪುರ ಕಡೆಯವನು. 2005ರಲ್ಲಿ ಏಜೆಂಟರಿಗೆ ಒಂದೂವರೆ ಲಕ್ಷ ಕೊಟ್ಟು ಕ್ರೂಸ್ ಹಡಗಿನ ಅಡುಗೆಮನೆಗೆ ಸೇರಿದೆ. ಎರಡು ಕಾಂಟ್ರಾಕ್ಟ್ ಮುಗಿಸಿ ಎರಡು ಸಲವೂ ಊರಿಗೆ ಬಂದೆ. ಮೂರನೆಯದಕ್ಕೆ ಹೊರಟದ್ದು 2007ರ ನವೆಂಬರಿನಲ್ಲಿ. 2008ರ ಮಾರ್ಚ್‌ನಲ್ಲಿ ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್ ಬಂದರಿನಲ್ಲಿ ನಾಲ್ಕು ತಾಸು ಹೊರಗೆ ಹೋಗಿಬರಲು ಬಿಟ್ಟರು. ಇಳಿದವನು ಮತ್ತೆ ಹತ್ತಲಿಲ್ಲ. ತಂಗಿಯ ಮದುವೆಯ ಸಾಲವಿತ್ತು, ಏಜೆಂಟರ ಬಡ್ಡಿಯಿತ್ತು. ಆದರೂ ಮಾಡಿದ್ದು ತಪ್ಪು, ಅದನ್ನು ಸುತ್ತಿಬಳಸಿ ಹೇಳುವುದಿಲ್ಲ. 2014ರಲ್ಲಿ ಅಪ್ಪಯ್ಯ ತೀರಿಕೊಂಡಾಗ ಅಣ್ಣ ಕಳಿಸಿದ ಚಿತೆಯ ಫೋಟೋವನ್ನು ಹೋಟೆಲಿನ ಹಿಂಬಾಗಿಲಲ್ಲಿ ನಿಂತು ನೋಡಿ, ಮತ್ತೆ ಒಳಗೆ ಹೋಗಿ ಈರುಳ್ಳಿ ಹೆಚ್ಚಿದೆ.

2016ರಲ್ಲಿ ನನ್ನ ಮದುವೆಯಾಯಿತು. ಹೆಂಡತಿ ಅಮೆರಿಕದಲ್ಲೇ ಹುಟ್ಟಿದವಳು. 'ಸಿಟಿಜನ್‌ನ ಮದುವೆಯಾದರೆ ಇಲ್ಲೇ ಕೂತು ಗ್ರೀನ್ ಕಾರ್ಡ್ ಮಾಡಿಸಿಕೊಳ್ಳಬಹುದು' ಎಂದು ಸುತ್ತಲಿನವರೆಲ್ಲ ಹೇಳಿದರು. ಪ್ರವಾಸಿ ವೀಸಾದಲ್ಲೋ ವಿದ್ಯಾರ್ಥಿ ವೀಸಾದಲ್ಲೋ ಬಂದು ಅವಧಿ ಮೀರಿ ಉಳಿದವರಿಗೆ ಈ ಮಾತು ಬಹುಮಟ್ಟಿಗೆ ನಿಜ. ಹಡಗಿನ ಸಿಬ್ಬಂದಿಯಾಗಿ ಬಂದವರಿಗೆ ನಿಜವಲ್ಲ. ಹಡಗಿನ ಸಿಬ್ಬಂದಿಗೆ ಕೊಡುವ ಸಿ1/ಡಿ ವೀಸಾದಲ್ಲಿ ಬಂದು ದಡಕ್ಕಿಳಿದವನಿಗೆ, ಸಿಟಿಜನ್‌ನ ಗಂಡನಾದರೂ, ದೇಶದೊಳಗೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವ ದಾರಿಯನ್ನು ಕಾನೂನೇ ಮುಚ್ಚಿದೆ. 2001ರ ಏಪ್ರಿಲ್ 30ರ ಒಳಗೆ ಯಾರಾದರೂ ಅವನ ಹೆಸರಿನಲ್ಲಿ ಅರ್ಜಿ ಹಾಕಿದ್ದರೆ ಮಾತ್ರ ಒಂದು ವಿನಾಯಿತಿ ಉಂಟು. ಆಗ ನಾನು ಕಾಲೇಜಿನ ಮೆಟ್ಟಿಲನ್ನೂ ಹತ್ತಿರಲಿಲ್ಲ.

ಫಾರ್ಮ್ ತುಂಬಿಕೊಡುವ ಒಬ್ಬರಿಗೆ ಮೊದಲು ಎರಡು ಸಾವಿರ ಡಾಲರ್ ಕೊಟ್ಟಿದ್ದೆ. ಅವರು ನನ್ನ ಐ-95 ಚೀಟಿಯನ್ನು, ಅಂದರೆ ಸಿಬ್ಬಂದಿಗೆ ದಡಕ್ಕಿಳಿಯಲು ಕೊಡುವ ಆ ಪುಟ್ಟ ಕಾಗದವನ್ನು, ತಿರುಗಿಸಿಯೂ ನೋಡದೆ, ದೇಶದೊಳಗೇ ಗ್ರೀನ್ ಕಾರ್ಡ್ ಕೇಳುವ ಐ-485 ಅರ್ಜಿ ತುಂಬಲು ಶುರುಮಾಡಿದರು. ಅದು ಹೋಗಿದ್ದರೆ ತಿರಸ್ಕಾರವಾಗಿ, ಅದರ ಹಿಂದೆಯೇ ಇಮಿಗ್ರೇಷನ್ ಕೋರ್ಟಿನ ನೋಟಿಸ್ ಬರುವ ಸಾಧ್ಯತೆ ಇತ್ತು. ಹೆಂಡತಿ ಸಹಿ ಹಾಕುವ ಮೊದಲು 'ಇನ್ನೊಬ್ಬರಿಗೆ ತೋರಿಸೋಣ' ಎಂದಳು. ಎರಡನೆಯ ಲಾಯರ್ ಆ ಚೀಟಿ ನೋಡಿ ಪೆನ್ನು ಕೆಳಗಿಟ್ಟರು. 'ನೀವು ಭಾರತಕ್ಕೆ ಹೋಗಿ ಮುಂಬೈಯ ಅಮೆರಿಕನ್ ಕಾನ್ಸುಲೇಟಿನಲ್ಲಿ ಇಂಟರ್‌ವ್ಯೂ ಕೊಟ್ಟು ಬರಬೇಕು. ಆದರೆ ಈಗಲೇ ಹೊರಟರೆ ಹತ್ತು ವರ್ಷ ವಾಪಸ್ ಬರುವ ಹಾಗಿಲ್ಲ' ಎಂದರು.

ಈ ಹತ್ತು ವರ್ಷದ ಲೆಕ್ಕ 1996ರ ಕಾನೂನಿನದು. ಪೇಪರ್ ಇಲ್ಲದೆ 180 ದಿನಕ್ಕಿಂತ ಹೆಚ್ಚು, ಒಂದು ವರ್ಷಕ್ಕಿಂತ ಕಡಿಮೆ ಇದ್ದು ಹೊರಟರೆ 3 ವರ್ಷ ನಿಷೇಧ. ಒಂದು ವರ್ಷ ಅಥವಾ ಮೇಲೆ ಇದ್ದು ಹೊರಟರೆ 10 ವರ್ಷ. ಒಳಗಿರುವಷ್ಟು ದಿನ ಈ ನಿಷೇಧ ಮಲಗಿರುತ್ತದೆ, ದೇಶ ಬಿಟ್ಟ ದಿನ ಎದ್ದು ನಿಲ್ಲುತ್ತದೆ. ಅದಕ್ಕೆ ಹೊರಡುವ ಮೊದಲೇ ಮಾಫಿ, ಅಂದರೆ ವೇವರ್, ಕೇಳುವ ಅರ್ಜಿಯೇ ಐ-601ಎ, 2013ರಿಂದ ಬಂದದ್ದು. ಅದು ಮಂಜೂರಾದ ಮೇಲೆ ಹೊರಟರೆ ಮುಂಬೈಯಲ್ಲಿ ಕೆಲವು ವಾರದ ಕೆಲಸ. ಮಂಜೂರಾಗದೆ ಹೊರಟರೆ ಅಲ್ಲೇ ಸಿಕ್ಕಿಬಿದ್ದ ಹಾಗೆ.

ಆದರೆ ಈ ವೇವರ್ ಮಾಫಿ ಮಾಡುವುದು ಒಂದನ್ನೇ: ಪೇಪರ್ ಇಲ್ಲದೆ ಕಳೆದ ದಿನಗಳನ್ನು. ಕಾನ್ಸುಲೇಟಿನ ಅಧಿಕಾರಿಗೆ ಬೇರೆ ಅಡ್ಡಿ ಕಂಡರೆ, ಸುಳ್ಳು ಹೇಳಿ ವೀಸಾ ಪಡೆದದ್ದೋ ಮತ್ತೊಂದೋ, ವೇವರ್ ತಾನಾಗಿಯೇ ರದ್ದಾಗುತ್ತದೆ; ನೀವು ಭಾರತದಲ್ಲಿ, ಮನೆಯವರು ಅಮೆರಿಕದಲ್ಲಿ. ಆದ್ದರಿಂದ ಲಾಯರ್ ಮೊದಲ ದಿನ ನನ್ನ ಮದುವೆಯ ಬಗ್ಗೆ ಏನೂ ಕೇಳಲಿಲ್ಲ. ಕೇಳಿದ್ದು, 'ಕೆಲಸಕ್ಕೆ ಸೇರುವಾಗ ಐ-9 ಫಾರ್ಮಿನಲ್ಲಿ ಎಲ್ಲಿಯಾದರೂ ಮೊದಲ ಚೌಕಕ್ಕೆ ಟಿಕ್ ಹಾಕಿದ್ದೀರಾ?' ಎಂದು. ಮೊದಲ ಚೌಕ ಎಂದರೆ 'ನಾನು ಅಮೆರಿಕದ ಪ್ರಜೆ' ಎನ್ನುವುದು. ಕೆಲಸದ ಆತುರದಲ್ಲಿ ಎಷ್ಟೋ ಜನ ಅದಕ್ಕೆ ಟಿಕ್ ಹಾಕಿಬಿಡುತ್ತಾರೆ. ನಮ್ಮಂಥವರಿಗೆ ಅದೊಂದು ಟಿಕ್ ಜೀವಮಾನದ ನಿಷೇಧ, ಅದಕ್ಕೆ ವೇವರ್ ಇಲ್ಲ. ನಾನು ಎಂಟು ವರ್ಷದಲ್ಲಿ ಐದು ಅಡುಗೆಮನೆಗಳಲ್ಲಿ ದುಡಿದಿದ್ದೆ. ಒಂದೊಂದನ್ನೂ ನೆನಪು ಮಾಡಿಕೊಂಡು, ಮಾಲೀಕರಲ್ಲಿ ಇಬ್ಬರಿಗೆ ಫೋನ್ ಮಾಡಿ ವಿಚಾರಿಸಿ, ಅಂಥ ಫಾರ್ಮಿಗೆ ನಾನು ಸಹಿ ಹಾಕಿಲ್ಲ ಎಂದು ಖಾತ್ರಿಯಾಗಲು ಎರಡು ವಾರ ಬೇಕಾಯಿತು. ಆ ಎರಡು ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಇದರ ಜೊತೆಗೆ ಮಾಹಿತಿ ಹಕ್ಕಿನಂಥ ಅವರ ಎಫ್‌ಓಐಎ ಕಾಯ್ದೆಯಡಿ ಸರ್ಕಾರದ ಬಳಿ ಇರುವ ನನ್ನ ಕಡತವನ್ನೂ ತರಿಸಿಕೊಂಡೆವು. ನನಗೇ ಗೊತ್ತಿಲ್ಲದ ಗಡೀಪಾರು ಆದೇಶ ಇದ್ದರೆ ದಾರಿಯೇ ಬೇರೆಯಾಗುತ್ತದೆ. ಆದೇಶ ಇರಲಿಲ್ಲ. ಹಡಗು ಹೊರಡುವಾಗ ನಾನು ಬಂದಿಲ್ಲ ಎಂದು ಕಪ್ತಾನರು ವರದಿ ಮಾಡಿದ್ದ ಒಂದು ಹಾಳೆ ಇತ್ತು. ಹತ್ತು ವರ್ಷ ಹಳೆಯ ಆ ಹಾಳೆಯಲ್ಲಿ ನನ್ನ ಹೆಸರು ನೋಡಿ ಹೊಟ್ಟೆ ತಣ್ಣಗಾಯಿತು. ಕಡತ ಬರಲು ತಿಂಗಳುಗಳು ಹಿಡಿಯುತ್ತವೆ. ನನ್ನ ಹಾಗೆ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಬೇರೆಲ್ಲಕ್ಕಿಂತ ಮೊದಲು ಇದನ್ನು ತರಿಸಿ. ಅರ್ಜಿಯಲ್ಲಿ ನೀವು ಬರೆದದ್ದಕ್ಕೂ ಅವರ ಕಡತದಲ್ಲಿರುವುದಕ್ಕೂ ಕೂದಲೆಳೆಯ ವ್ಯತ್ಯಾಸ ಬರಬಾರದು.

2018ರ ಫೆಬ್ರುವರಿಯಲ್ಲಿ ಹೆಂಡತಿ ಗಂಡನ ಪರವಾಗಿ ಐ-130 ಅರ್ಜಿ ಹಾಕಿದಳು, 535 ಡಾಲರ್. 2019ರಲ್ಲಿ ಅದು ಮಂಜೂರಾಯಿತು. ವೀಸಾ ಶುಲ್ಕ 325, ಪ್ರಾಯೋಜಕರ ಅಫಿಡವಿಟ್ಟಿಗೆ 120 ಕಟ್ಟಿ, ವೇವರ್ ಅರ್ಜಿಗೆ ಕೂತೆವು. ವೇವರ್ ಸಿಗಬೇಕಾದರೆ ನಾನಿಲ್ಲದೆ ನನ್ನ ಸಿಟಿಜನ್ ಹೆಂಡತಿಗೆ ತೀವ್ರವಾದ ಕಷ್ಟವಾಗುತ್ತದೆ ಎಂದು ತೋರಿಸಬೇಕು. ನನ್ನ ಕಷ್ಟ ಲೆಕ್ಕಕ್ಕಿಲ್ಲ. ಮಗನ ಕಷ್ಟವನ್ನು, ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋದ ಅತ್ತೆಯ ಕಷ್ಟವನ್ನು ಬೇರೆಯಾಗಿ ಎಣಿಸುವುದಿಲ್ಲ; ಅವು ನನ್ನ ಹೆಂಡತಿಯ ಹೆಗಲಿಗೆ ಎಷ್ಟು ಬೀಳುತ್ತವೆ ಎಂಬುದಷ್ಟೇ ಲೆಕ್ಕ.

ನಾನು ಮೊದಲು ಬರೆದುಕೊಟ್ಟದ್ದು ನಾಲ್ಕು ಪುಟದ ಪತ್ರ, ತುಂಬ ಪ್ರೀತಿಯಿಂದ ಬರೆದದ್ದು. ಲಾಯರ್ ಓದಿ ಪಕ್ಕಕ್ಕಿಟ್ಟರು. ಅಗಲಿಕೆಯ ನೋವು ಪ್ರತಿ ಅರ್ಜಿಯಲ್ಲೂ ಇರುತ್ತದೆ, ನಿಮ್ಮ ಮನೆಯಲ್ಲಿ ಮಾತ್ರ ಇರುವುದನ್ನು ತನ್ನಿ ಎಂದರು. ಮನೆಗೆ ಬಂದು ನೋಡಿದರೆ ಅದು ಫ್ರಿಡ್ಜಿನ ಮೇಲೇ ಇತ್ತು. ನನ್ನ ಹೆಂಡತಿಗೆ ಹನ್ನೊಂದನೆಯ ವಯಸ್ಸಿನಿಂದ ಟೈಪ್ 1 ಸಕ್ಕರೆ ಕಾಯಿಲೆ. ರಾತ್ರಿ ನಿದ್ದೆಯಲ್ಲಿ ಸಕ್ಕರೆ ಇಳಿದರೆ ಅವಳಿಗೆ ತಾನಾಗಿ ಎಚ್ಚರವಾಗುವುದಿಲ್ಲ, ಯಾರಾದರೂ ಎಬ್ಬಿಸಬೇಕು. ಹಾಗೆ ಎಬ್ಬಿಸಿದ್ದನ್ನೆಲ್ಲ ಡಾಕ್ಟರಿಗೆ ತೋರಿಸಲೆಂದು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. 'ರಾತ್ರಿ 2:40. 48. ಕಿತ್ತಳೆ ರಸ ಅರ್ಧ ಲೋಟ. 3:05ಕ್ಕೆ 91.' ಹೀಗೆ ಮೂರು ವರ್ಷದ ಸಾಲುಗಳು, ಕೆಲವು ಕಡೆ ರಸ ಚೆಲ್ಲಿ ಶಾಯಿ ಹರಡಿತ್ತು. ಆ ನೋಟ್‌ಬುಕ್ಕಿನ ಪ್ರತಿ ಪುಟವನ್ನೂ ಜೆರಾಕ್ಸ್ ಮಾಡಿ, ಅವಳ ಡಾಕ್ಟರ ಪತ್ರದ ಹಿಂದೆ ಲಗತ್ತಿಸಿದೆವು. ಅವಳು ನನ್ನ ಜೊತೆ ಕುಂದಾಪುರಕ್ಕೆ ಬಂದರೆ ಅತ್ತೆಯನ್ನು ಯಾರು ನೋಡುವುದು, ಅವಳ ಕೆಲಸದಿಂದ ಬರುವ ವಿಮೆ ಹೋದರೆ ಇನ್ಸುಲಿನ್ ಪಂಪಿನ ಖರ್ಚು ಏನಾಗುತ್ತದೆ, ಅದನ್ನೂ ಬೇರೆಯಾಗಿ ತೋರಿಸಿದೆವು. ಜೊತೆಗೆ ಮನೆಸಾಲದ ಪತ್ರ, ತೆರಿಗೆ ಕಟ್ಟಲೆಂದೇ ಕೊಡುವ ಐಟಿಐಎನ್ ನಂಬರಿನಲ್ಲಿ ನಾನು ತಪ್ಪದೆ ಕಟ್ಟಿದ ತೆರಿಗೆಯ ರಿಟರ್ನುಗಳು, ಮನೋವೈದ್ಯರ ವರದಿ. ಎಲ್ಲ ಸೇರಿ ಮುನ್ನೂರು ಪುಟ ದಾಟಿತು. 2019ರ ಅಕ್ಟೋಬರಿನಲ್ಲಿ 715 ಡಾಲರಿನ ಜೊತೆ ಕಳಿಸಿದೆವು. (2024ರ ಏಪ್ರಿಲ್‌ನಿಂದ ಅದು 795.)

ಮಂಜೂರಾಯಿತು ಎಂಬ ಉತ್ತರ ಬಂದದ್ದು 2022ರ ಏಪ್ರಿಲ್‌ನಲ್ಲಿ, ಮೂವತ್ತು ತಿಂಗಳ ಮೇಲೆ. ಈ ನಡುವೆ ಈ ಅರ್ಜಿ ಕೆಲಸದ ಪರವಾನಗಿಯನ್ನೂ ಕೊಡುವುದಿಲ್ಲ, ಹಿಡಿದರೆ ರಕ್ಷಣೆಯನ್ನೂ ಕೊಡುವುದಿಲ್ಲ. ಕೋವಿಡ್ ಅದರ ಮಧ್ಯೆಯೇ ಬಂದು ಹೋಯಿತು.

ಪಾಸ್‌ಪೋರ್ಟಿನ ಕಥೆ ಸಣ್ಣದು. ಹಳೆಯದು ಹಡಗಿನ ಆಫೀಸಿನಲ್ಲೇ ಉಳಿದಿತ್ತು. ಫ್ಲೋರಿಡಾಕ್ಕೆ ಸಂಬಂಧಿಸಿದ ನಮ್ಮ ಕಾನ್ಸುಲೇಟ್ ಅಟ್ಲಾಂಟಾದಲ್ಲಿದೆ. ಅಫಿಡವಿಟ್ ಬರೆದುಕೊಟ್ಟು, ತಿಂಗಳುಗಟ್ಟಲೆ ಕಾದು ಹೊಸದು ಪಡೆದೆ. ಟಿಕೆಟ್ ತೆಗೆಯುವಾಗ ಮಾತ್ರ ಎಚ್ಚರ ಬೇಕು. ಲಂಡನ್ ಮೂಲಕ ಕಡಿಮೆ ದರದ ಟಿಕೆಟ್ ಇತ್ತು. ಆದರೆ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಕೈಯಲ್ಲಿಲ್ಲದ ಭಾರತೀಯನಿಗೆ ಆಗ ಅಲ್ಲಿ ವಿಮಾನ ಬದಲಿಸಲೂ ಟ್ರಾನ್ಸಿಟ್ ವೀಸಾ ಬೇಕಿತ್ತು, ಫ್ರಾಂಕ್‌ಫರ್ಟಿನಲ್ಲೂ ಹಾಗೆಯೇ. ದೋಹಾ ಮಾರ್ಗದಲ್ಲಿ ಆ ತೊಂದರೆ ಇರಲಿಲ್ಲ. 2023ರ ಜನವರಿ 18ಕ್ಕೆ ಮಯಾಮಿಯಿಂದ ಹೊರಟೆ. ಅಮೆರಿಕದಿಂದ ಹೊರಹೋಗುವಾಗ ನಮ್ಮಲ್ಲಿಯ ಹಾಗೆ ಇಮಿಗ್ರೇಷನ್ ಕೌಂಟರ್ ಇಲ್ಲ. ಹದಿನೈದು ವರ್ಷ ಹೆದರಿದ್ದ ಗಡಿಯನ್ನು ಬೋರ್ಡಿಂಗ್ ಪಾಸ್ ತೋರಿಸಿ ದಾಟಿಬಿಟ್ಟೆ. ಸೀಟಿನಲ್ಲಿ ಕೂತ ಮೇಲೆ ಕೈ ನಡುಗಲು ಶುರುವಾಯಿತು.

ಇಂಟರ್‌ವ್ಯೂ ಫೆಬ್ರುವರಿ 9ಕ್ಕಿತ್ತು. ಮುಂಬೈಯಿಂದ ಮತ್ಸ್ಯಗಂಧ ಹತ್ತಿ ಬೆಳಗಿನ ಜಾವ ಕುಂದಾಪುರದಲ್ಲಿ ಇಳಿದೆ. ಅಮ್ಮ ಬಾಗಿಲಲ್ಲೇ ನಿಂತಿದ್ದರು. 'ಬಂದ್ಯಾ ಮಗಾ' ಎಂದು ಮುಖ ಮುಟ್ಟಿ, ಮತ್ತೇನೂ ಹೇಳದೆ ಒಳಗೆ ಹೋಗಿ ಗಂಜಿ ಬಡಿಸಿದರು.

ಲಾಯರ್ ಒಂದು ವಿಷಯದ ಬಗ್ಗೆ ಚಿಂತೆ ಮಾಡುತ್ತಿದ್ದರು. ಸಿ1/ಡಿ ವೀಸಾ ತೆಗೆಯುವಾಗಲೇ ಹಡಗು ಬಿಡುವ ಉದ್ದೇಶ ಇತ್ತೇ ಎಂದು ಅಧಿಕಾರಿ ಕೇಳಬಹುದು. ಇತ್ತು ಎಂದು ಅವರಿಗೆ ಅನ್ನಿಸಿದರೆ ಅದು ಸುಳ್ಳು ಹೇಳಿ ಪಡೆದ ವೀಸಾ ಆಗುತ್ತದೆ. ಹಿಂದಿನ ಎರಡು ಕಾಂಟ್ರಾಕ್ಟ್ ಮುಗಿಸಿ ಊರಿಗೆ ಮರಳಿದ್ದಕ್ಕೆ ದಾಖಲೆ ಇದ್ದರೆ ಒಳ್ಳೆಯದಿತ್ತು. ಅಣ್ಣ ಎರಡು ಸಲ ಮನೆಯೆಲ್ಲ ಹುಡುಕಿ ಏನೂ ಇಲ್ಲ ಎಂದಿದ್ದ. ಊಟದ ಮೇಲೆ ನಾನು ಅಮ್ಮನನ್ನೇ ಕೇಳಿದೆ. ಅವರು ತಗಡಿನ ಪೆಟ್ಟಿಗೆ ತೆರೆದು, ತಮ್ಮ ಮದುವೆಯ ಸೀರೆಯ ಮಡಿಕೆಯೊಳಗಿಂದ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ ತೆಗೆದರು. ಒಳಗೆ ಕಾಂಟ್ರಾಕ್ಟ್ ಮುಗಿಸಿ ಹಡಗಿನಿಂದ ಇಳಿದದ್ದಕ್ಕೆ ಕೊಡುವ ನನ್ನ ಎರಡೂ ಸೈನ್ ಆಫ್ ಲೆಟರ್, ವಿಮಾನದ ಟಿಕೆಟಿನ ಅರ್ಧ ತುಂಡುಗಳು, ಕೊನೆಯ ತಿಂಗಳ ಸಂಬಳದ ಚೀಟಿ. 'ಅಪ್ಪಯ್ಯ ಬಿಸಾಡುಕೆ ಬಿಡ್ಲಿಲ್ಲ' ಎಂದರು. ಜಿರಳೆ ಮಾತ್ರೆಯ ವಾಸನೆ ಬರುತ್ತಿತ್ತು. ಅಪ್ಪಯ್ಯನಿಗೆ ಓದಲು ಬರುತ್ತಿರಲಿಲ್ಲ.

ಫೆಬ್ರುವರಿ 3ಕ್ಕೆ ಮುಂಬೈಯಲ್ಲಿ ಮೆಡಿಕಲ್: ಎಕ್ಸ್‌ರೇ, ರಕ್ತ, ಲಸಿಕೆಗಳು. ಭಾರತದವರ ವಲಸೆ ವೀಸಾ ಬಹುತೇಕ ಮುಂಬೈಯಲ್ಲೇ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಕಾನ್ಸುಲೇಟಿನಲ್ಲೇ ಆಗುತ್ತದೆ. ಒಳಗೆ ಫೋನ್ ಬಿಡುವುದಿಲ್ಲ. ಚಿಕ್ಕಪ್ಪನ ಮಗ ಹೊರಗೆ ಹಿಡಿದುಕೊಂಡು ನಿಂತ. ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು. ಹೆಂಡತಿಯನ್ನು ಹೇಗೆ ಭೇಟಿಯಾದೆ, ಅವಳೇನು ಕೆಲಸ ಮಾಡುತ್ತಾಳೆ, ಮಗನ ವಯಸ್ಸೆಷ್ಟು, ಇಷ್ಟು ಬೇಗ ಮುಗಿಯಿತು. ಆಮೇಲೆ ಅಧಿಕಾರಿ ಮಹಿಳೆ ಹಡಗಿನ ವಿಷಯಕ್ಕೆ ಬಂದರು. ಯಾಕೆ ಬಿಟ್ಟಿರಿ, ಯಾವಾಗ ತೀರ್ಮಾನ ಮಾಡಿದಿರಿ ಎಂದು ಮೂರು ರೀತಿಯಲ್ಲಿ ಕೇಳಿದರು. ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ: ಬಂದರಿನ ಫೋನ್ ಬೂತಿನಿಂದ ಮನೆಗೆ ಮಾತಾಡಿದ್ದು, ಸಾಲದವರು ಬಂದು ಕೂತಿದ್ದಾರೆ ಎಂದು ಕೇಳಿದ್ದು, ಆಮೇಲೆ ಕಾಲು ಹಡಗಿನ ಕಡೆ ಹೋಗದೇ ಇದ್ದದ್ದು. ಕಿಟಕಿಯ ಕೆಳಗಿನ ಸಂದಿಯಿಂದ ಆ ಹಳೆಯ ಕಾಗದಗಳನ್ನು ತಳ್ಳಿದೆ. ಅವರು ಒಂದೊಂದನ್ನೂ ಎರಡೂ ಬದಿ ನೋಡಿದರು, ತಾರೀಖುಗಳನ್ನು ಟೈಪ್ ಮಾಡಿಕೊಂಡರು, ಎದ್ದು ಒಳಗೆ ಹೋದರು. ಹನ್ನೆರಡು ನಿಮಿಷ. ವಾಪಸ್ ಬಂದು ಪಾಸ್‌ಪೋರ್ಟ್ ಇಟ್ಟುಕೊಂಡು, ಇನ್ನೂ ಪರಿಶೀಲನೆ ಬಾಕಿ ಇದೆ ಎಂಬ 221(ಜಿ) ಚೀಟಿ ಕೊಟ್ಟರು.

ಇಪ್ಪತ್ತೆರಡು ದಿನ ಊರಿನಲ್ಲಿ ಕಾದೆ. ದಿನಕ್ಕೆ ಎಷ್ಟು ಸಲ ಆ ವೆಬ್‌ಸೈಟ್ ನೋಡಿದೆನೋ ಲೆಕ್ಕವಿಲ್ಲ. ಹೆಂಡತಿ ಪ್ರತಿ ರಾತ್ರಿ ಫೋನಿನಲ್ಲಿ 'ನಾನು ಚೆನ್ನಾಗಿದ್ದೇನೆ' ಎನ್ನುತ್ತಿದ್ದಳು. ಮಾರ್ಚ್ 3ರ ಮಧ್ಯಾಹ್ನ 'ಇಶ್ಯೂಡ್' ಎಂದು ಬಂತು. ಕಾಗದಗಳನ್ನು ಅಮ್ಮನಿಗೆ ಕೊಟ್ಟೆ. ಅವರು ಅದೇ ಮಡಿಕೆಯೊಳಗೆ ಇಟ್ಟರು.

ಮದುವೆಯಾಗಿ ಎರಡು ವರ್ಷ ದಾಟಿದ್ದರಿಂದ ನನ್ನದು ಐಆರ್1 ಎಂಬ ವರ್ಗದ ವೀಸಾ, ಹತ್ತು ವರ್ಷದ ಗ್ರೀನ್ ಕಾರ್ಡ್. ಅದಕ್ಕೆ 220 ಡಾಲರ್ ಆನ್‌ಲೈನಿನಲ್ಲಿ ಕಟ್ಟಿ ಮಾರ್ಚ್ 14ಕ್ಕೆ ಮಯಾಮಿಯಲ್ಲಿ ಇಳಿದೆ. ಬೇರೆ ಕೋಣೆಗೆ ಕರೆದುಕೊಂಡು ಹೋಗಿ ಎರಡು ತಾಸು ಕೂರಿಸಿ, ಕೊನೆಗೆ ವೀಸಾದ ಮೇಲೆ ಮುದ್ರೆ ಒತ್ತಿದರು.

ಅಂದು ರಾತ್ರಿ ಮನೆಯಲ್ಲಿ ಫ್ರಿಡ್ಜಿನ ಮೇಲಿನ ನೋಟ್‌ಬುಕ್ ತೆಗೆದೆ. ನಾನಿಲ್ಲದ 55 ದಿನಗಳಲ್ಲಿ ಅವಳ ಕೈಬರಹದಲ್ಲಿ ಏಳು ಸಾಲುಗಳಿದ್ದವು. ಒಂದರಲ್ಲಿ 39 ಎಂದಿತ್ತು, ಅದರ ಮುಂದೆ 'ಮಗ ಎಬ್ಬಿಸಿದ' ಎಂದು. ಅವನಿಗೆ ಆಗ ಐದು ವರ್ಷ. ನಾನು ಅಲಾರಂ 2:30ಕ್ಕೆ ಇಟ್ಟು ಮಲಗಿದೆ.